ಹಗ್ಗ ಎಳೆದ ಗದ್ದೆ

ನಮ್ಮ ಮನೆಯಲ್ಲಿ ಊಟಕ್ಕೆ ಒಂದೇ ಸಾಲು. ಪಡಸಾಲೆಯ ಗೋಡೆಗೆ ಬೆನ್ನು ಕೊಟ್ಟು ಮೊದಲು ಅಪ್ಪ, ಅವನ ಪಕ್ಕಕ್ಕೆ ಚಿಕ್ಕಪ್ಪ, ಆಮೇಲೆ ನಾವು ಮಕ್ಕಳು, ತುದಿಯಲ್ಲಿ ಆ ಹೊತ್ತಿಗೆ ಮನೆಗೆ ಬಂದವರು ಯಾರಾದರೂ ಸರಿ. ಬಡಿಸುವವಳು ಅವ್ವ. ಅಜ್ಜಿ ಅಡುಗೆಮನೆಯ ಹೊಸ್ತಿಲ ಮೇಲೆ ಕಾಲು ನೀಡಿ ಕೂತು ಎಲ್ಲರ ಎಲೆಯ ಮೇಲೂ ಕಣ್ಣಿಟ್ಟಿರುತ್ತಿದ್ದಳು. ತುಪ್ಪ ಅಂದರೆ ಸಾಲಿಗೆಲ್ಲ ತುಪ್ಪ, ಇಲ್ಲವೆಂದರೆ ಯಾರಿಗೂ ಇಲ್ಲ. ಒಮ್ಮೆ ಅಪ್ಪ ಜ್ವರದಿಂದ ಎದ್ದಿದ್ದ. ಅವನೊಬ್ಬನಿಗೆ ಅವ್ವ ಮಜ್ಜಿಗೆಯ ಬದಲು ಗಟ್ಟಿ ಮೊಸರು ಹಾಕಿದಳು. ಅಜ್ಜಿ ಎದ್ದು ಬಂದು, ಗಡಿಗೆಯನ್ನು ಅವ್ವನ ಕೈಯಿಂದ ಇಸಿದುಕೊಂಡು, ಇಡೀ ಸಾಲಿಗೆ ಮೊಸರು ಸುರಿದಳು. ಮರುದಿನ ಹೆಪ್ಪಿಗೂ ಪಕ್ಕದ ಮನೆಯ ಬಾಗಿಲು ತಟ್ಟಬೇಕಾಯಿತು. ಒಂದೇ ಸಾಲಿನಲ್ಲಿ ಕೂತವರಿಗೆ ಬೇರೆ ಬೇರೆ ಬಡಿಸುವುದಕ್ಕೆ ಪಂಕ್ತಿಭೇದ ಎನ್ನುತ್ತಾರೆ. ಅಜ್ಜಿಯ ಲೆಕ್ಕದಲ್ಲಿ ಕಳ್ಳತನಕ್ಕಾದರೂ ಕ್ಷಮೆ ಇತ್ತು, ಇದಕ್ಕೆ ಇರಲಿಲ್ಲ. ನಾನು ಏನಾದರೂ ಆಗಿದ್ದರೆ ಆ ಸಾಲಿನಲ್ಲಿ ಕೂತು ಆದವಳು. ನನ್ನ ಸಿಟ್ಟು ಕೂಡ ಅಲ್ಲಿಯದೇ.

ನಮ್ಮೂರು ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ದಿಕ್ಕಿನಲ್ಲಿ, ತೊಗರ್ಸಿ ದಾಟಿದ ಮೇಲೆ ಸಿಗುತ್ತದೆ. ಅವ್ವ ಅಂಜನಾಪುರದ ಕಡೆಯವಳು, ಕಾಲುವೆ ನೀರು ಕಂಡ ಊರಿನಿಂದ ಮಳೆಯನ್ನೇ ನೆಚ್ಚಿದ ಊರಿಗೆ ಸೊಸೆಯಾಗಿ ಬಂದವಳು. ನಮ್ಮ ಗದ್ದೆಗಳ ಮಣ್ಣು ಕೆಂಪು, ನೋಡುವುದಕ್ಕೆ ಚೆಂದ, ಆದರೆ ಕೊಡುವುದರಲ್ಲಿ ಜಿಪುಣ. ಎಷ್ಟು ಸಗಣಿ ಗೊಬ್ಬರ ಹೊತ್ತು ಹಾಕಿದರೂ ಭತ್ತ ಮೊಣಕಾಲಿನ ಹತ್ತಿರ ಬಂದು ಯೋಚನೆಗೆ ಬೀಳುತ್ತಿತ್ತು. ಇದ್ದುದರಲ್ಲಿ ಒಳ್ಳೆಯದು ರಸ್ತೆ ಪಕ್ಕದ ಗದ್ದೆ. ಅದನ್ನು ಅಪ್ಪ ಚಿಕ್ಕಪ್ಪ ಇಬ್ಬರೂ ಸೇರಿ ಉಳುತ್ತಿದ್ದರು. ರಸ್ತೆಯ ಕಡೆಯಿಂದ ಅಪ್ಪನ ನೇಗಿಲು, ಕೆರೆಯ ಕಡೆಯಿಂದ ಚಿಕ್ಕಪ್ಪನದು, ನಡುವೆ ಎಲ್ಲೋ ಎರಡು ಜೊತೆ ಎತ್ತು ಎದುರಾಗುತ್ತಿದ್ದವು. ಅದು ಕೆಲಸದ ಅನುಕೂಲಕ್ಕೆ ಮಾಡಿಕೊಂಡ ರೂಢಿ, ಪಾಲು ಅಲ್ಲ. ಪಾಲು ಎಂಬ ಮಾತು ನಮ್ಮ ಮನೆಯೊಳಗೆ ಆವರೆಗೆ ಹೊಕ್ಕಿರಲಿಲ್ಲ.

ಆ ಬೇಸಿಗೆಯ ಕೊನೆಗೆ ಗ್ರಾಮಸೇವಕರು ಸೈಕಲ್ಲಿನ ಹಿಂದೆ ಬಂದ ಎತ್ತಿನ ಗಾಡಿಯಲ್ಲಿ ಕೆಲವು ಚೀಲ ಹೇರಿಸಿಕೊಂಡು ಬಂದರು. ರೈತರಿಗೆ ಬೇಸಾಯದ ವಿಷಯ ಹೇಳಲು ಸರ್ಕಾರ ನೇಮಿಸಿದ್ದ, ಇನ್ನೂ ಮೀಸೆ ಸರಿಯಾಗಿ ಬಲಿಯದ ಮನುಷ್ಯ. ಚೀಲದಲ್ಲಿದ್ದದ್ದು ಬೂದಿ ಬಣ್ಣದ ಪುಡಿ, ರಂಜಕದ ಗೊಬ್ಬರ. ಎಲ್ಲೋ ದೂರದ ಗಣಿಯ ಕಲ್ಲನ್ನು ಅರೆದು ಸರ್ಕಾರ ಊರೂರಿಗೆ ಕಳಿಸುತ್ತಿತ್ತು, ಯಾವ ಮಣ್ಣಿಗೆ ಇದು ಒಗ್ಗುತ್ತದೆಂದು ರೈತರ ಗದ್ದೆಯಲ್ಲೇ ನೋಡುವುದಕ್ಕೆ. ಅಪ್ಪ ರೇಡಿಯೋದಲ್ಲಿ ಬೇಸಾಯದ ಕಾರ್ಯಕ್ರಮ ಬಂದರೆ ಉಣ್ಣುವ ಕೈ ನಿಲ್ಲಿಸಿ ಕೇಳುವವನು. ಯಾರನ್ನೂ ಕೇಳದೆ ಅವನು ರಸ್ತೆ ಗದ್ದೆಯನ್ನು ಕೊಡುತ್ತೇನೆಂದು ಒಪ್ಪಿಕೊಂಡು ಬಂದಿದ್ದ. ಅಜ್ಜಿಗೆ ಮೊದಲು ಎದ್ದದ್ದು ಬೇರೆಯದೇ ಅನುಮಾನ. ಹಿಂದೆ ಯಾರೋ ಎಲುಬಿನ ಪುಡಿಯನ್ನು ಗೊಬ್ಬರವೆಂದು ಮಾರಿಕೊಂಡು ಬಂದಿದ್ದರಂತೆ. ಇದೂ ಅದೇ ಆಗಿದ್ದರೆ ಆ ಗದ್ದೆಯ ಅನ್ನ ತಾನು ಮುಟ್ಟುವುದಿಲ್ಲ ಎಂದಳು. ಗ್ರಾಮಸೇವಕರು ಒಂದು ಚಿಟಿಕೆ ಪುಡಿ ತೆಗೆದು ಎಲ್ಲರೆದುರು ನಾಲಿಗೆಯ ಮೇಲೆ ಹಾಕಿಕೊಂಡರು.

“ಇದು ಕಲ್ಲು ಅಜ್ಜಿ. ನಿಮ್ಮ ಕೆಂಪು ಮಣ್ಣಲ್ಲಿ ಹುಳಿ ಜಾಸ್ತಿ. ಆ ಹುಳೀನೇ ಈ ಕಲ್ಲನ್ನ ಕರಗಿಸ್ತದೆ.”

“ಹುಳಿ ಅಂದ್ರೆ ನಂಗೆ ಗೊತ್ತು ತಮ್ಮಾ. ಕಲ್ಲು ಕರಗೋದು ನೋಡಿಲ್ಲ. ನೋಡಾಣ, ಬಾಯಿ ತೊಳ್ಕಂಡು ಕಾಪಿ ಕುಡಿ,” ಎಂದಳು ಅಜ್ಜಿ.

ಎಲ್ಲರೂ ನಕ್ಕರು. ಆ ವರ್ಷ ನಮ್ಮ ಮನೆಯವರೆಲ್ಲ ಒಟ್ಟಿಗೆ ನಕ್ಕದ್ದು ಅದೇ ಕೊನೆ. ಮರುದಿನ ಗದ್ದೆಯಲ್ಲಿ ಗ್ರಾಮಸೇವಕರು ಗೂಟ ಹೊಡೆಸಿ, ನಟ್ಟನಡುವೆ ತೆಂಗಿನ ನಾರಿನ ಹಗ್ಗ ಎಳೆಸಿದರು. ಗೊಬ್ಬರ, ಬೀಜ, ಕಳೆ ತೆಗೆಯುವುದು ಎಲ್ಲ ಎರಡೂ ಕಡೆಗೆ ಒಂದೇ ಸಮ. ಪುಡಿ ಮಾತ್ರ ಹಗ್ಗದ ಈಚೆ ಬದಿಗೆ, ರಸ್ತೆಯ ಕಡೆಗೆ. ಆಚೆ ಬದಿಗೆ ಒಂದು ಚಿಟಿಕೆಯೂ ಬೀಳಬಾರದು. ಬಿದ್ದರೆ ಪುಡಿಯ ಗುಣ ಗೊತ್ತಾಗುವುದಿಲ್ಲ ಎಂದು ಅವರು ಎರಡೆರಡು ಸಲ ಹೇಳಿದರು. ಆಚೆ ಬದಿ ಚಿಕ್ಕಪ್ಪ ಉಳುವ ಬದಿ.

ಚಿಕ್ಕಪ್ಪನಿಗೆ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹೊಸದಾಗಿ ಮದುವೆಯಾದ ತಮ್ಮನ ಕಿವಿಗೆ ಊದುವವರು ಯಾವ ಊರಲ್ಲೂ ಕಡಿಮೆಯಿರುವುದಿಲ್ಲ. ನಿಮ್ಮಣ್ಣ ಸರ್ಕಾರದ ಕೈಲಿ ತನ್ನ ಅರ್ಧ ಕೊಬ್ಬಿಸಿಕೊಳ್ಳುತ್ತಿದ್ದಾನೆ, ನಾಳೆ ಪಾಲಿನ ಹೊತ್ತಿಗೆ ಆ ಕಡೆ ನಿನಗೆ ಕೊಡುತ್ತಾನಾ ಎಂದು ಚಹಾದ ಅಂಗಡಿಯಲ್ಲಿ ಯಾರೋ ಕೇಳಿದ್ದರು. ಆ ದಿನ ಮಧ್ಯಾಹ್ನ ಅವನು ಎಲೆಯ ಮುಂದೆ ಕೂತ, ಅನ್ನಕ್ಕೆ ಕೈ ಹಾಕಲಿಲ್ಲ.

“ಒಂದೇ ಗದ್ದೇಲಿ ಒಂದ್ ಕಡೆಗೆ ಹೊಟ್ಟೆ ತುಂಬ ಉಣ್ಸಿ ಇನ್ನೊಂದ್ ಕಡೆನ ಉಪಾಸ ಕೆಡಗ್ತಿದೀಯ. ಉಪಾಸಕ್ಕೆ ನಾನ್ ಉಳೋ ಕಡೀನೆ ಯಾಕ್ ಸಿಕ್ತಣ್ಣ?”

ರಸ್ತೆಯ ಕಡೆಯಾದರೆ ಹೋಗಿ ಬರುವವರಿಗೆ ಕಾಣುತ್ತದೆ ಎಂದು ಗ್ರಾಮಸೇವಕರೇ ಗುರುತು ಹಾಕಿದ್ದು, ತನ್ನದೇನೂ ಇಲ್ಲ ಎಂದು ಅಪ್ಪ ಹೇಳಿದ. ಅದು ನಿಜವೇ. ಆದರೆ ಕೇಳಬೇಕಿದ್ದ ಮಾತು ಮೊದಲೇ ಕೇಳಿರಲಿಲ್ಲ ಎಂಬುದೂ ಅಷ್ಟೇ ನಿಜ. ಅಪ್ಪನ ದನಿಯಲ್ಲಿ ಅದು ಇಬ್ಬರಿಗೂ ಕೇಳಿಸಿತು.

“ತೆನೆ ಬಿಡೋ ಹೊತ್ತಿಗೆ ನೋಡ್ತೀನಿ. ನನ್ ಕಡೆ ಸೊರಗಿದ್ರೆ, ದೀವಳಿಗೆ ಆಗ್ತಿದ್ದಂಗೆ ನನ್ ಪಾಲು ನಂಗೆ ಕೊಟ್ಬಿಡು. ಒಲೇನೂ ಬ್ಯಾರೆ ಹೂಡ್ಕಳ್ತೀನಿ.”

ಅವ್ವ ಕೈಯಲ್ಲಿ ಸಾರಿನ ಸೌಟು ಹಿಡಿದು ಹಾಗೇ ನಿಂತಿದ್ದಳು. ಅವಳ ತವರಲ್ಲಿ ಅಣ್ಣಂದಿರು ಬೇರೆಯಾಗಿದ್ದರು. ಒಂದೇ ಪಡಸಾಲೆಯ ನಡುವೆ ಗೋಡೆ ಎದ್ದು, ಹಬ್ಬಕ್ಕೆ ಹೋದ ಮಗಳು ಯಾವ ಬಾಗಿಲಲ್ಲಿ ಚಪ್ಪಲಿ ಬಿಡಬೇಕೆಂದು ತಿಳಿಯದೆ ಅಂಗಳದಲ್ಲೇ ನಿಲ್ಲುವಂತಾಗಿತ್ತು. ಆಗ ಅವಳು ನನ್ನ ಕೈ ಹಿಡಿದುಕೊಂಡಿದ್ದ ಬಿಗಿ ನನಗೆ ಇಂದಿಗೂ ನೆನಪಿದೆ.

ಮಳೆ ಹಿಡಿಯುವ ಮೊದಲು ಗೊಬ್ಬರ ಗದ್ದೆಗೆ ಹೋಗಬೇಕು. ಗಂಡಸರು ನೆಲ ಹಸನು ಮಾಡುವುದು, ಹೆಂಗಸರು ಗುಂಡಿಯ ಗೊಬ್ಬರ ತೆಗೆದು ಹೆಡಿಗೆಯಲ್ಲಿ ಹೊರುವುದು, ಇದು ನಮ್ಮಲ್ಲಿಯ ಕ್ರಮ. ಅಪ್ಪ ಪುಡಿಯ ಚೀಲಗಳನ್ನು ಗುಂಡಿಯ ಹತ್ತಿರ ತಂದಿಟ್ಟು, ಗೊಬ್ಬರವನ್ನು ಎರಡು ಗುಡ್ಡೆ ಮಾಡಿ ರಸ್ತೆ ಕಡೆಯ ಗುಡ್ಡೆಗೆ ಮಾತ್ರ ಬೆರೆಸಿ ಎಂದು ಹೇಳಿ ಗದ್ದೆಗೆ ಹೋದ. ಗುಂಡಿಯ ಬಳಿ ಉಳಿದವರು ಅವ್ವ, ಬೇಲಿಯ ನೆರಳಲ್ಲಿ ಅಜ್ಜಿ, ಸಣ್ಣ ಹೆಡಿಗೆ ಹಿಡಿದ ನಾನು. ಅವ್ವ ಮೊದಲ ಚೀಲವನ್ನು ರಸ್ತೆ ಕಡೆಯ ಗುಡ್ಡೆಗೆ ಸುರಿದಳು. ಎರಡನೆಯ ಚೀಲದ ಬಾಯಿ ಬಿಚ್ಚಿದವಳು ಒಂದು ಗಳಿಗೆ ನಿಂತಳು. ಆಮೇಲೆ ತಿರುಗಿ, ಅದನ್ನು ಕೆರೆ ಕಡೆಯ ಗುಡ್ಡೆಗೆ ಸುರಿದಳು. ಬೂದಿ ಬಣ್ಣದ ದೂಳು ಅವಳ ಮುಂಗೈಗೆಲ್ಲ ಹತ್ತಿಕೊಂಡಿತು. ನಾನು ಅಜ್ಜಿಯ ಮುಖ ನೋಡಿದೆ. ಈಗ ಬೈಗುಳ ಬರುತ್ತದೆ ಎಂದುಕೊಂಡಿದ್ದೆ.

“ಸರಿಯಾಗಿ ಕಲಸು,” ಎಂದಳು ಅಜ್ಜಿ. “ಬೆಳ್ಳಗೆ ಉಳಿದ್ರೆ ಕಾಣ್ತದೆ.”

ಇಬ್ಬರೂ ಸೇರಿ ಕಲಸಿದರು. ಅಜ್ಜಿ ನನ್ನನ್ನು ಹತ್ತಿರ ಕರೆದು, ಇದು ಗಂಡಸರಿಗೆ ಹೇಳುವ ವಿಷಯ ಅಲ್ಲ ಎಂದಷ್ಟೇ ಹೇಳಿದಳು. ಚಿಕ್ಕಪ್ಪನಿಗೆ ತಿಳಿದರೆ ಚಹಾದ ಅಂಗಡಿಯಲ್ಲಿ ಹೇಳಿಕೊಂಡು ಬರುತ್ತಾನೆ, ಅಲ್ಲಿಂದ ಗ್ರಾಮಸೇವಕರ ಕಿವಿಗೆ, ಅಲ್ಲಿಗೆ ಅಪ್ಪನ ಮರ್ಯಾದೆ ಹೋಯಿತು. ಯಾರಿಗೂ ತಿಳಿಯದಿದ್ದರೆ ಎರಡೂ ಕಡೆ ಚೆನ್ನಾಗಿ ಬರುತ್ತದೆ, ಚಿಕ್ಕಪ್ಪನ ಸಿಟ್ಟು ಇಳಿಯುತ್ತದೆ, ಅಪ್ಪನಿಗೂ ಸರ್ಕಾರಕ್ಕೂ ಸಂತೋಷವಾಗುತ್ತದೆ. ಆ ಇಬ್ಬರು ಹೆಂಗಸರ ಎಣಿಕೆ ಇಷ್ಟೇ. ಸರ್ಕಾರಕ್ಕೆ ಬೇಕಾದದ್ದು ಒಳ್ಳೆಯ ಬೆಳೆ ಎಂದು ಅವರು ತಿಳಿದಿದ್ದರು. ಬೇಕಾದದ್ದು ವ್ಯತ್ಯಾಸ ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಕೂರಿಗೆ ಬಿತ್ತನೆಯಾಯಿತು, ಮಳೆ ಬಂತು, ಭತ್ತ ಎದ್ದಿತು. ಅಂಥ ಭತ್ತ ರಸ್ತೆ ಗದ್ದೆ ಅದುವರೆಗೆ ಕಂಡಿರಲಿಲ್ಲ. ಬುಡಕ್ಕೆ ಕೈ ಹಾಕಿದರೆ ಹಿಡಿಗೆ ಸಿಗದಷ್ಟು ಮರಿ, ತೆಂಡೆ ಒಡೆದಿತ್ತು. ಆದರೆ ಹಗ್ಗದ ಈಚೆ ಹೇಗೋ ಆಚೆಯೂ ಹಾಗೇ. ಮೊದಮೊದಲು ಅಪ್ಪ ದಿನಾ ಬೆಳಿಗ್ಗೆ ಹಗ್ಗದ ಗುಂಟ ನಡೆದು, ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಬಗ್ಗಿ ನೋಡಿ ಬರುತ್ತಿದ್ದ. ಬರುಬರುತ್ತ ನೋಡುವುದನ್ನೇ ಬಿಟ್ಟ. ಗ್ರಾಮಸೇವಕರು ಬಂದು ಎರಡೂ ಕಡೆಯ ಸಸಿ ಕಿತ್ತು, ಬೇರು ತೊಳೆದು, ಪಕ್ಕಪಕ್ಕ ಇಟ್ಟು, ತಲೆ ಕೆರೆದುಕೊಂಡು ಹೋದರು. ಈ ವರ್ಷದ ಮಳೆಯೇ ಚೆನ್ನಾಗಿದೆ, ಅದಕ್ಕೇ ಇರಬೇಕು ಎಂದರಂತೆ. ಪಕ್ಕದ ಗದ್ದೆಗಳಿಗೆ ಬಿದ್ದದ್ದೂ ಅದೇ ಮಳೆಯಲ್ಲವೇ ಎಂದು ಕೇಳುವ ತಾಳ್ಮೆ ಆಗ ಯಾರಿಗೂ ಇರಲಿಲ್ಲ. ಎಲ್ಲರ ಕಣ್ಣೂ ಹಗ್ಗದ ಮೇಲೆಯೇ ಇತ್ತು.

ಚಿಕ್ಕಪ್ಪನ ಸಿಟ್ಟೇನೋ ಇಳಿಯಿತು. ಅದರ ಜಾಗಕ್ಕೆ ಬಂದದ್ದು ಅದಕ್ಕಿಂತ ಕೆಟ್ಟದ್ದು, ಅವನ ನಗು. ತನ್ನ ಕಡೆ ಪುಡಿ ಇಲ್ಲದೆಯೇ ಹೀಗೆ ಬಂದಿದೆ, ಅದು ತನ್ನ ಉಳುಮೆಯ ಗುಣ ಎಂದು ಅವನು ಊರಿಗೆಲ್ಲ ಹೇಳಿಕೊಂಡು ಬಂದ. ಊಟದ ಸಾಲಿನಲ್ಲಿ, ಅಣ್ಣನ ಕಲ್ಲು ಇನ್ನೂ ಕರಗಿಲ್ಲ, ಸಾರಿಗೆ ಸ್ವಲ್ಪ ಹಾಕಿ ಕುದಿಸಿ ನೋಡೋಣ ಎಂದು ನಮ್ಮನ್ನು ನಗಿಸಲು ನೋಡುತ್ತಿದ್ದ. ನಾನು ನಗುತ್ತಿರಲಿಲ್ಲ. ಒಂದು ದಿನ ಅಪ್ಪ ಎಲೆ ಮಡಿಚಿ ಎದ್ದ. ಊಟ ಮುಗಿಯದೆ ಅವನು ಎಲೆ ಮಡಿಚಿದ್ದು ನಾನು ಅದೇ ಮೊದಲು ನೋಡಿದ್ದು.

“ಅಷ್ಟ್ ಚೆನ್ನಾಗ್ ಉಳೋನಿಗೆ ನನ್ ಹಂಗ್ಯಾಕೆ. ದೀವಳಿಗೆ ಆಗ್ಲಿ, ಹಿರೇರ್ನ ಕರಸ್ತೀನಿ. ನಿನ್ ಪಾಲು ತಗಂಡು ಹೋಗು.”

ಯಾವ ಮಾತನ್ನು ತಡೆಯಲು ಅವ್ವ ಮುಂಗೈವರೆಗೆ ದೂಳು ಹತ್ತಿಸಿಕೊಂಡಿದ್ದಳೋ ಆ ಮಾತು ಈಗ ಅವಳ ಗಂಡನ ಬಾಯಿಂದಲೇ ಬಂದಿತ್ತು. ಚಿಕ್ಕಪ್ಪ ಮರುದಿನವೇ ಹಿತ್ತಿಲ ಚಾವಡಿಯಲ್ಲಿ ಮಣ್ಣು ತುಳಿದು ಒಲೆ ಹಾಕಿದ. ಹಸಿ ಒಲೆ ಆರಲು ಬಿಟ್ಟಿದ್ದರು. ಚಿಕ್ಕಿ, ಅಂದರೆ ಅವನ ಹೆಂಡತಿ, ಆ ಕಡೆ ಹೋಗಬೇಕಾದಾಗಲೆಲ್ಲ ಮುಖ ಬೇರೆ ಕಡೆ ತಿರುಗಿಸಿಕೊಂಡು ಹೋಗುತ್ತಿದ್ದಳು. ನನಗೆ ಅದನ್ನು ಒದ್ದು ಕೆಡವಬೇಕೆನಿಸುತ್ತಿತ್ತು. ಶಾಲೆಯಿಂದ ಬಂದ ಕೂಡಲೇ ಮೊದಲು ಹೋಗಿ ಒಲೆ ಎಷ್ಟು ಒಣಗಿದೆ ಎಂದು ಮುಟ್ಟಿ ನೋಡುತ್ತಿದ್ದೆ.

ಭೂಮಿ ಹುಣ್ಣಿಮೆ ಬಂತು. ತೆನೆ ಹೊತ್ತ ಗದ್ದೆಯನ್ನು ಬಸುರಿಯೆಂದು ಕರೆದು, ಬಯಕೆಯ ಅಡುಗೆ ಮಾಡಿ ಉಣ್ಣಿಸುವ ಹಬ್ಬ. ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದ ಬುಟ್ಟಿಯಲ್ಲಿ ಅಡುಗೆ ಹೊತ್ತು ಬೆಳಕು ಹರಿಯುವ ಮೊದಲೇ ಗದ್ದೆಗೆ ಹೋದೆವು. ಚಿಕ್ಕಪ್ಪ ಬರಲಿಲ್ಲ. ಅಜ್ಜಿ ಸೊಪ್ಪು ಬೆರೆಸಿದ ಅನ್ನವನ್ನು ಗದ್ದೆಯ ಸುತ್ತ ಬೀರುತ್ತ ಹೋದಳು, ಹಗ್ಗ ಬಂದಲ್ಲಿ ಸೀರೆ ಎತ್ತಿ ದಾಟಿದಳು. ಬದುವಿನ ಮೇಲೆ ಅಪ್ಪನಿಗೆ ಎಲೆ ಹಾಕಿ ಕಡುಬು ಬಡಿಸುತ್ತಿದ್ದ ಅವ್ವ, ತಲೆ ಎತ್ತದೆಯೇ ಹೇಳಿದಳು.

“ಆ ಪುಡಿ ಸುಳ್ಳಲ್ರಿ. ಎರಡೂ ಕಡಿಗೆ ಬಿದ್ದೈತಿ. ನಾನ ಹಾಕೀನಿ. ನಮ್ಮ ತವರಾಗ ಒಲಿ ಎರಡಾದದ್ದು ನೋಡೀನಿ, ಇಲ್ಲೂ ನೋಡಾಕ ನನ್ನ ಕೈಲಿ ಆಗ್ಲಿಲ್ಲ.”

ಅಪ್ಪನ ಕೈ ಎಲೆಯ ಮೇಲೆಯೇ ನಿಂತಿತು. ಅವನು ಅವ್ವನನ್ನು ನೋಡಲಿಲ್ಲ. ಗದ್ದೆಯ ಆಚೆ ತುದಿಯಲ್ಲಿದ್ದ ಅಜ್ಜಿಯನ್ನು ನೋಡಿದ, ಆಮೇಲೆ ಹುಲ್ಲು ಬೆಳೆದು ಅರ್ಧ ಮುಚ್ಚಿಹೋಗಿದ್ದ ಹಗ್ಗವನ್ನು ನೋಡಿದ. ಇಷ್ಟು ದಿನ ನನ್ನನ್ನು ಹುಚ್ಚನ ಹಾಗೆ ಮಾಡಿದಿರಿ ಎಂದು ಮೆಲ್ಲಗೆ ಹೇಳಿ, ಕಡುಬು ಬಿಟ್ಟು ಎದ್ದು, ನಮ್ಮನ್ನು ಅಲ್ಲೇ ಬಿಟ್ಟು ಮನೆಯ ಕಡೆ ನಡೆದ. ದೀಪಾವಳಿಗೆ ಮೊದಲು ಬೇಸಾಯದ ಇಲಾಖೆಯವರು ನಮ್ಮ ಗದ್ದೆಯಲ್ಲೇ ಸುತ್ತಿನ ರೈತರ ಸಭೆ ಕರೆದಿದ್ದರು. ಅಲ್ಲಿ ಅಪ್ಪ ಬಾಯಿ ಬಿಟ್ಟರೆ ಹೆಂಡತಿ ಸರ್ಕಾರಕ್ಕೆ ಮೋಸ ಮಾಡಿದಳು ಎಂದಾಗುತ್ತದೆ. ಬಿಡದಿದ್ದರೆ ಪುಡಿ ಸುಳ್ಳು ಎಂದಾಗುತ್ತದೆ, ಚಿಕ್ಕಪ್ಪ ಗೆದ್ದ ಹಾಗಾಗುತ್ತದೆ, ಹಿತ್ತಿಲ ಒಲೆ ಹೊತ್ತಿಕೊಳ್ಳುತ್ತದೆ. ಅವ್ವ ಆ ದಿನಗಳಲ್ಲಿ ಸಾರಿಗೆ ಉಪ್ಪು ಹಾಕಲು ಮರೆಯುತ್ತಿದ್ದಳು. ಅಜ್ಜಿ ಕೂಡ ಏನೂ ಅನ್ನದೆ ಉಣ್ಣುತ್ತಿದ್ದಳು.

ಸಭೆಯ ದಿನ ಶಾಲೆಯಿಂದ ಕುರ್ಚಿ ತಂದು ರಸ್ತೆ ಬದಿಯಲ್ಲಿ ಹಾಕಿದ್ದರು. ತೊಗರ್ಸಿ ಕಡೆಯವರು, ಸೊರಬದ ಕಡೆಯವರು, ಅಂಬ್ಲಿಗೊಳದ ಹತ್ತಿರದಿಂದಲೂ ಕೆಲವರು ಬಂದಿದ್ದರು. ಜೀಪಿನಿಂದ ಇಳಿದ ದೊಡ್ಡ ಸಾಹೇಬರು ಹಗ್ಗದ ಎರಡೂ ಬದಿ ನೋಡಿ, ಎಲ್ಲಿಯಪ್ಪ ವ್ಯತ್ಯಾಸ ಎಂದು ಗ್ರಾಮಸೇವಕರನ್ನು ಕೇಳಿದರು. ಅವರು ಹಗ್ಗದ ಗುಂಟ ನಾಲ್ಕು ಹೆಜ್ಜೆ ಹೋಗಿ ವಾಪಸ್ ಬಂದರು. ಇದ್ದರೆ ತಾನೇ ತೋರಿಸುವುದು ಎಂದು ಚಿಕ್ಕಪ್ಪ ಹಿಂದಿನಿಂದ ಹೇಳಿದ. ಜನ ನಕ್ಕರು. ಮಜ್ಜಿಗೆಯ ಕೊಡ ಹಿಡಿದು ಮರದಡಿ ನಿಂತಿದ್ದ ಅವ್ವನ ಪಕ್ಕ ನಾನಿದ್ದೆ. ಸಾಹೇಬರು ಅಪ್ಪನ ಕಡೆ ತಿರುಗಿ, ನಿಜ ಹೇಳಿ, ಪುಡಿ ಹಾಕಿದ್ದೀರೋ ಇಲ್ಲವೋ ಎಂದರು. ಅವ್ವ ಕೊಡವನ್ನು ನೆಲಕ್ಕಿಳಿಸಿದಳು.

“ಹಾಕೀನಿ ಸಾರ್,” ಎಂದ ಅಪ್ಪ. “ಎರಡೂ ಕಡೆಗೆ ಹಾಕೀನಿ. ಆ ಕಡೆ ಉಳೋನು ನನ್ ತಮ್ಮ. ನಮ್ಮನೇಲಿ ಒಂದ್ ಎಲೆಗೆ ಬಡಿಸಿ ಪಕ್ಕದ್ ಎಲೆ ಖಾಲಿ ಬಿಡೋ ಪದ್ಧತಿ ಇಲ್ಲ. ಮನಸು ತಡೀಲಿಲ್ಲ, ಹಾಕ್ಬಿಟ್ಟೆ. ತಪ್ಪು ನಂದು, ಪುಡೀದಲ್ಲ.”

ಯಾರೂ ನಗಲಿಲ್ಲ. ಸಾಹೇಬರು ಸಿಟ್ಟಾದರು, ಹಾಗಾದರೆ ಈ ಹಗ್ಗ ಯಾಕೆ ಎಳೆದದ್ದು, ಪುಡಿ ಬೀಳದ ಗದ್ದೆಯನ್ನು ನಾವು ಎಲ್ಲಿ ನೋಡುವುದು ಎಂದರು. ಅಪ್ಪ ಕೈ ಎತ್ತಿ ಬದುವಿನ ಆಚೆಯ ಚೌಡಪ್ಪನ ಗದ್ದೆ ತೋರಿಸಿದ. ಅದೇ ಮಣ್ಣು, ಅದೇ ಮಳೆ, ಅದೇ ಬೀಜ. ಭತ್ತ ಮೊಣಕಾಲಿನ ಹತ್ತಿರ ಬಂದು ನಿಂತಿತ್ತು. ಜನರ ನಡುವೆಯೇ ಇದ್ದ ಚೌಡಪ್ಪ, ನಿಮ್ಮನೆ ಜಗಳದಲ್ಲಿ ನನ್ನ ಗದ್ದೆಯನ್ನು ಯಾಕೆ ಎಳೆಯುತ್ತೀಯ ಮಾರಾಯ ಎಂದು ಗೊಣಗಿದ. ಅಷ್ಟರಲ್ಲಿ ಜನ ಬದು ಹತ್ತಿ, ಆ ಕಡೆ ಒಂದು ತೆನೆ ಈ ಕಡೆ ಒಂದು ತೆನೆ ಹಿಡಿದು ನೋಡತೊಡಗಿದ್ದರು. ಮುಂದಿನ ಬೇಸಿಗೆಯಲ್ಲಿ ಪುಡಿ ಕೇಳಿಕೊಂಡು ಮೊದಲು ಹೋದವನು ಇದೇ ಚೌಡಪ್ಪ. ಗ್ರಾಮಸೇವಕರು ಮಾತ್ರ ಆ ದಿನ ಎಲ್ಲರೆದುರು ಬೈಸಿಕೊಂಡರು. ಇವರ ಪಾಡು ಏನಾಗುತ್ತದೆಂದು ಯೋಚಿಸಲೇ ಇಲ್ಲವಲ್ಲ ಎಂದು ಅಜ್ಜಿ ನೊಂದುಕೊಂಡು, ಅವರ ಕೈ ಹಿಡಿದು ಮನೆಗೆ ಊಟಕ್ಕೆ ಕರೆತಂದಳು.

ಸಾಲಿನ ತುದಿಯಲ್ಲಿ ಗ್ರಾಮಸೇವಕರು ಕೂತರು. ಅಪ್ಪ ತನ್ನ ಜಾಗದಲ್ಲಿ ಕೂತ. ಅವನ ಪಕ್ಕದ ಎಲೆ ಖಾಲಿಯಿತ್ತು. ಅವ್ವ ಬಡಿಸದೆ ಕಾಯುತ್ತ ನಿಂತಳು. ಚಿಕ್ಕಪ್ಪ ಅಂಗಳದಲ್ಲಿ ಕಾಲು ತೊಳೆಯುವ ಸದ್ದು ಕೇಳಿಸುತ್ತಿತ್ತು, ತೊಳೆದಷ್ಟೂ ಮುಗಿಯದ ಕೆಸರಿರುವ ಹಾಗೆ. ಕೊನೆಗೆ ಬಂದು ಅಣ್ಣನ ಪಕ್ಕ ಕೂತ. ಅವನ ಕಣ್ಣು ಕೆಂಪಾಗಿತ್ತು.

“ಅತ್ಗೆ, ಅಣ್ಣ ಹಾಕಿದ್ದು ನಿಮ್ಗೆ ಗೊತ್ತಿತ್ತಾ?”

ಅಪ್ಪ ತಲೆ ಎತ್ತಿ ಅವ್ವನ ಮುಖ ನೋಡಿದ. ಏನೋ ಹೇಳಲು ಬಾಯಿ ತೆರೆದ. ಅವ್ವ ಕಣ್ಣಲ್ಲೇ ಬೇಡವೆಂದಳು.

“ಅನ್ನ ಆರ್ತೈತಿ, ಉಣ್ಣಪಾ,” ಎಂದು ಚಿಕ್ಕಪ್ಪನ ಎಲೆಗೆ ತುಪ್ಪ ಹಾಕಿದಳು. ಆಮೇಲೆ ಅಪ್ಪನಿಗೆ, ಆಮೇಲೆ ಸಾಲಿಗೆಲ್ಲ.

ಹಿರಿಯರು ಬರಲಿಲ್ಲ. ಹಿತ್ತಿಲ ಒಲೆ ಹೊತ್ತಲಿಲ್ಲ. ಕೆಲವು ದಿನ ಅದರೊಳಗೆ ಬೆಕ್ಕು ಮರಿ ಹಾಕಿಕೊಂಡು ಮಲಗಿತ್ತು, ಆಮೇಲೆ ಸ್ನಾನದ ನೀರು ಕಾಯಿಸಲು ಬಳಕೆಯಾಯಿತು. ನಾನು ದೊಡ್ಡವಳಾಗಿ ಮಣ್ಣು ಪರೀಕ್ಷೆ ಮಾಡುವ ಕಡೆ ಕೆಲಸಕ್ಕೆ ಸೇರಿದೆ. ಅಲ್ಲಿ ಗೊಬ್ಬರ ಹಾಕಿದ ಕುಂಡಗಳ ಪಕ್ಕ ಹೋಲಿಕೆಗೆಂದು ಏನೂ ಹಾಕದ ಒಂದು ಕುಂಡ ಇಟ್ಟಿರುತ್ತಿದ್ದರು. ಅದು ಇರಲೇಬೇಕು ಎಂದು ನನಗೆ ಚೆನ್ನಾಗಿ ಗೊತ್ತು, ಅದನ್ನು ಕಾಯುವುದೇ ನನ್ನ ಕೆಲಸವಾಗಿತ್ತು. ಆದರೂ ಆ ಬಡಕಲು ಸಸಿಯ ಮುಂದೆ ಹಾದು ಹೋಗುವಾಗ ನನ್ನ ಕೈ ತುರಿಸುತ್ತಿತ್ತು.

ಅಪ್ಪ ಈಗಿಲ್ಲ. ಅಜ್ಜಿ ಎಂದೋ ಹೋದಳು. ರಸ್ತೆ ಗದ್ದೆ ಇನ್ನೂ ಒಂದೇ ಇದೆ, ಚಿಕ್ಕಪ್ಪನ ಮಗನೂ ನನ್ನ ತಮ್ಮನೂ ಸೇರಿ ಟ್ರ್ಯಾಕ್ಟರಿನಲ್ಲಿ ಉಳುತ್ತಾರೆ. ಮೊನ್ನೆ ಹೋದಾಗ ಚಿಕ್ಕಪ್ಪ ಪಡಸಾಲೆಯಲ್ಲಿ ಮೊಮ್ಮಕ್ಕಳನ್ನು ಕೂರಿಸಿಕೊಂಡು ಅದೇ ಕಥೆ ಹೇಳುತ್ತಿದ್ದ, ತನ್ನ ಅಣ್ಣ ಸರ್ಕಾರಕ್ಕೂ ಹೆದರದೆ ತನ್ನ ಕಡೆಗೆ ಪುಡಿ ಹಾಕಿದ ಕಥೆ. ಹೇಳುವಾಗ ಈಗಲೂ ಅವನ ದನಿ ಒಡೆಯುತ್ತದೆ. ಹೊಸ್ತಿಲ ಮೇಲೆ ಅಜ್ಜಿಯ ಜಾಗದಲ್ಲಿ ಅವ್ವ ಕೂತು ಕೇಳುತ್ತಿದ್ದಳು. ನನಗೆ ಸಿಟ್ಟು ಬಂತು. ಸಭೆಯ ದಿನದ ಆ ಊಟದಿಂದಲೂ ನನಗೆ ಈ ಸಿಟ್ಟಿದೆ. ಅಪ್ಪನ ಮೇಲೆ ಅಲ್ಲ, ಅವ್ವ ಮಾಡಿದ್ದು ಅವ್ವನ ಹೆಸರಲ್ಲಿ ಎಲ್ಲೂ ಇಲ್ಲದಿರುವುದರ ಮೇಲೆ. ಅವಳ ಪಕ್ಕ ಕೂತು, ಇನ್ನಾದರೂ ಹೇಳಬಾರದಾ, ಇನ್ನು ಯಾರ ಮರ್ಯಾದೆ ಹೋಗಬೇಕಿದೆ ಎಂದು ಕೇಳಿದೆ. ಅವ್ವ ನನ್ನನ್ನು, ಏನೂ ತಿಳಿಯದ ಹುಡುಗಿಯನ್ನು ನೋಡುವ ಹಾಗೆ ನೋಡಿದಳು.

“ಒಮ್ಮೆ ಬಡಿಸಿದ್ದನ್ನ ಎಲಿಯಿಂದ ವಾಪಸ್ ತಗೀತಾರೇನ? ಹೋಗು, ನಿಮ್ಮ ಚಿಕ್ಕಪ್ಪಗ ಮಜ್ಜಿಗಿ ಕೊಡು. ಮಾತಾಡಿ ಮಾತಾಡಿ ಗಂಟಲು ಒಣಗೈತಿ.”